ಅರ್ಧ ಬೆಲೆಯ ರಿವಾಲ್ವರ್ ನಂಬಬಹುದಾ?

ಪ್ರಶ್ನೆ: ಪುಣೆಯ ಹಡಪಸರದಲ್ಲಿ ನಮ್ಮದೊಂದು ಹೋಟೆಲ್ ಇದೆ. ಊರು ಕುಂದಾಪುರದ ಕಡೆ. ರಾತ್ರಿ ಹನ್ನೊಂದೂವರೆಗೆ ಗಲ್ಲಾ ಮುಗಿಸಿ ಸ್ಕೂಟರಿನಲ್ಲಿ ಮನೆಗೆ ಹೋಗುತ್ತೇನೆ. ಹೋದ ವರ್ಷ ಇಬ್ಬರು ದಾರಿಗೆ ಅಡ್ಡ ನಿಂತಿದ್ದರು. ಆಮೇಲೆ ಅರ್ಜಿ ಹಾಕಿದೆ, ಆತ್ಮರಕ್ಷಣೆಗೆ ಲೈಸೆನ್ಸ್ ಸಿಕ್ಕಿದೆ. ಪರಿಚಯದವರೊಬ್ಬರು ತಮ್ಮ ಹಳೆಯ ಕಾನ್ಪುರದ .32 ರಿವಾಲ್ವರನ್ನು ಹೊಸದರ ಅರ್ಧ ಬೆಲೆಗೆ ಕೊಡುತ್ತೇನೆ ಅಂತಿದ್ದಾರೆ. ದಿನಾ ಜೊತೆಗಿಟ್ಟುಕೊಳ್ಳಲು ಇದು ಸಾಕಾ, ಕೈ ಕೊಡುತ್ತದಾ?
— ಶೆಟ್ಟಿ, ಪುಣೆ

ಉತ್ತರ: ಶೆಟ್ರೇ, ಸಾಕು. ಆದರೆ ಮೂವತ್ತು ಗುಂಡು ಹಾರಿಸಿ ನೋಡಿದ ಮೇಲೆ. ಅಲ್ಲಿಯವರೆಗೆ ಅದು ಅರ್ಧ ಬೆಲೆಯ ಕಬ್ಬಿಣ ಅಷ್ಟೇ.

ಬೆಲೆಯ ಮಾತು ಮೊದಲು ಮುಗಿಸೋಣ. ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 (ಇದು ಗುಂಡಿನ ಅಳತೆ) ಅಂದರೆ ಬ್ರಿಟಿಷರ ಹಳೇ ವೆಬ್ಲಿ ರಿವಾಲ್ವರಿನ ಮಾದರಿ, ನಡುವೆ ಮಡಚಿ ತೆರೆಯುವಂಥದ್ದು. 2014ರಲ್ಲಿ ಬಂದ ‘ನಿರ್ಭೀಕ್’ ರಿವಾಲ್ವರ್ ಕೂಡ ಇದೇ ಮನೆತನದ್ದು. ಆಗ ಅದರ ಬೆಲೆ ಸುಮಾರು 1.22 ಲಕ್ಷ ರೂಪಾಯಿ. ಆ ದುಡ್ಡಿಗೆ ಸಿಕ್ಕಿದ್ದು ಮುಖ್ಯವಾಗಿ ಹಗುರ ಮೈ, ಅರ್ಧ ಕಿಲೋ ತೂಕ. ಹಗುರವಾದದ್ದೆಲ್ಲ ಹೆಚ್ಚು ನಂಬಿಕಸ್ಥ ಅಂತೇನಿಲ್ಲ. ಭಾರದ ಹಳೇ ರಿವಾಲ್ವರಿನಲ್ಲಿ ಗುಂಡು ಹೊಡೆದಾಗ ಕೈ ಕಡಿಮೆ ಕುಣಿಯುತ್ತದೆ. ಹಾಗಾಗಿ ಅಭ್ಯಾಸ ಮಾಡಲು ಮನಸ್ಸೂ ಬರುತ್ತದೆ.

ಕಾಗದಪತ್ರದಲ್ಲಿ ಅವಸರ ಬೇಡ. ಪರಿಚಯದವರು ಮಾರುವ 45 ದಿನ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅಥವಾ ಹತ್ತಿರದ ಪೊಲೀಸ್ ಠಾಣೆಗೆ ಬರೆದು ತಿಳಿಸಬೇಕು. ಆಮೇಲೆ ರಿವಾಲ್ವರಿನ ನಂಬರು ನಿಮ್ಮ ಲೈಸೆನ್ಸಿಗೆ ಏರಬೇಕು. ‘ತಗೊಂಡು ಹೋಗಿ ನಾಲ್ಕು ದಿನ ಇಟ್ಟು ನೋಡಿ’ ಅಂದರೆ ಕೈ ಮುಗಿದು ಬನ್ನಿ. ಇದಕ್ಕಿಂತ ಅಗ್ಗಕ್ಕೆ ಕಟ್ಟಾ (ಕಳ್ಳತನದಲ್ಲಿ ಮಾಡಿದ ನಾಡ ಪಿಸ್ತೂಲು) ಕೊಡಿಸುತ್ತೇನೆ ಅನ್ನುವವರೂ ಸಿಗುತ್ತಾರೆ. ಅದು ಜೈಲಿಗೂ ಕಳಿಸುತ್ತದೆ, ಬೆರಳನ್ನೂ ತೆಗೆಯುತ್ತದೆ.

ಈಗ ಮಾಲು ನೋಡೋಣ. ತೆರೆದು ಆರೂ ಚೇಂಬರ್ (ಗುಂಡು ಕೂರುವ ತೂತು) ಖಾಲಿಯಾ ಅಂತ ಕಣ್ಣಲ್ಲಿ ನೋಡಿ, ಬೆರಳಲ್ಲಿ ಮುಟ್ಟಿಯೂ ನೋಡಿ. ನಳಿಗೆಯನ್ನು ಬೆಳಕಿಗೆ ಹಿಡಿದರೆ ಒಳಗಿನ ಸುರುಳಿ ಗೆರೆಗಳು ಚೂಪಾಗಿ ಕಾಣಬೇಕು. ಉಂಗುರದಂಥ ಉಬ್ಬು ಕಂಡರೆ ಹಿಂದೆ ಯಾವಾಗಲೋ ಗುಂಡು ಒಳಗೇ ಸಿಕ್ಕಿತ್ತು ಅಂತ ಅರ್ಥ. ಅಂಥದ್ದು ಬಿಟ್ಟಿ ಕೊಟ್ಟರೂ ಬೇಡ. ಮುಚ್ಚಿ, ಹಿಡಿಯನ್ನೂ ನಳಿಗೆಯನ್ನೂ ಎರಡು ಕೈಯಲ್ಲಿ ಹಿಡಿದು ಅಲ್ಲಾಡಿಸಿ. ಮಡಚುವ ಕೀಲು, ಮೇಲಿನ ಚಿಲಕ ಎರಡೂ ಗಟ್ಟಿಯಿರಬೇಕು. ಹಳೇ ಗೇಟಿನ ಹಾಗೆ ಕಟಕಟ ಅಂದರೆ ಚಿಲಕ ಸವೆದಿದೆ.

ಆಮೇಲೆ ಗುಂಡಿಗೆ ಪೆಟ್ಟು ಕೊಡುವ ಹ್ಯಾಮರನ್ನು ಹೆಬ್ಬೆರಳಿನಿಂದ ನಿಧಾನವಾಗಿ, ತೀರಾ ನಿಧಾನವಾಗಿ ಹಿಂದಕ್ಕೆ ಎಳೆಯಿರಿ. ಹ್ಯಾಮರ್ ಪೂರ್ತಿ ಹಿಂದೆ ಹೋಗಿ ನಿಲ್ಲುವ ಹೊತ್ತಿಗೆ ಚೇಂಬರುಗಳಿರುವ ತಿರುಗುವ ಸಿಲಿಂಡರ್ ಟಕ್ ಅಂತ ಕಚ್ಚಿಕೊಂಡಿರಬೇಕು. ಆರೂ ಚೇಂಬರಿಗೆ ಹೀಗೆ ನೋಡಿ. ಐದು ಸರಿಯಿದ್ದು ಒಂದು ತಡವಾದರೂ ಬೇಡ. ಚೇಂಬರ್ ನಳಿಗೆಗೆ ನೇರ ನಿಲ್ಲದಿದ್ದರೆ ಗುಂಡು ಅಂಚಿಗೆ ಉಜ್ಜಿ, ಸೀಸದ ಚೂರು ಪಕ್ಕಕ್ಕೆ ಹಾರುತ್ತದೆ.

ಇಷ್ಟೆಲ್ಲ ನೋಡುವುದು ಮೇಜಿನ ಮೇಲೆ. ನಿಜವಾದ ಪರೀಕ್ಷೆ ರೇಂಜಿನಲ್ಲಿ, ಅಂದರೆ ಗುಂಡು ಹೊಡೆಯುವ ಅಭ್ಯಾಸದ ಜಾಗದಲ್ಲಿ. ಅಮೆರಿಕದವರು ಕನಿಷ್ಠ 200 ಗುಂಡು ಹೊಡೆದು ನೋಡಿ ಅಂತಾರೆ. ಅವರಿಗೇನು, ಗುಂಡು ಅಂಗಡಿಯಲ್ಲಿ ಕಡಲೆಬೀಜದ ಹಾಗೆ ಸಿಗುತ್ತದೆ. ನಮಗೆ ಒಂದು ಸಲಕ್ಕೆ ಇಷ್ಟು, ವರ್ಷಕ್ಕೆ ಇಷ್ಟು ಅಂತ ಲೈಸೆನ್ಸಿನಲ್ಲೇ ಬರೆದಿರುತ್ತಾರೆ. ಅದಕ್ಕೇ ನಾನು ಮೂವತ್ತು ಅಂದದ್ದು. ಆರರಂತೆ ಐದು ಸುತ್ತು. ಕಡಿಮೆಯೇ, ಆದರೆ ಸರಿಯಾಗಿ ಹೊಡೆದರೆ ಬಹಳಷ್ಟು ಗೊತ್ತಾಗುತ್ತದೆ.

ಸರಿಯಾಗಿ ಅಂದರೆ ಹೇಗೆ? ಸಿಲಿಂಡರಿನ ಮೇಲೆ ಮಾರ್ಕರಿನಿಂದ 1ರಿಂದ 6 ಬರೆಯಿರಿ. ಯಾವ ಚೇಂಬರಿನ ಗುಂಡು ಹಾರಲಿಲ್ಲ ಅಂತ ಆಗ ಗೊತ್ತಾಗುತ್ತದೆ. ಹ್ಯಾಮರ್ ಎಳೆದಿಟ್ಟುಕೊಂಡು ಹೊಡೆಯಬೇಡಿ, ಟ್ರಿಗರನ್ನೇ ಪೂರ್ತಿ ಎಳೆದು ಹೊಡೆಯಿರಿ. ರಾತ್ರಿ ಗಾಬರಿಯಲ್ಲಿ ನೀವು ಮಾಡುವುದು ಅದನ್ನೇ. ಹಾಗೆ ಎಳೆದಾಗ ಹ್ಯಾಮರ್ ಸಾಮಾನ್ಯವಾಗಿ ಸ್ವಲ್ಪ ಕಡಿಮೆ ದೂರದಿಂದ ಬೀಳುತ್ತದೆ, ಪೆಟ್ಟೂ ಸ್ವಲ್ಪ ಮೆತ್ತಗೆ. ಹಳೇ ಮಾಲಿಕರು ಟ್ರಿಗರ್ ಹಗುರವಾಗಲಿ ಅಂತ ಸ್ಪ್ರಿಂಗ್ ಉಜ್ಜಿಸಿ ಸಣ್ಣ ಮಾಡಿಸಿದ್ದರೆ ಇಲ್ಲಿ ಸಿಕ್ಕಿಬೀಳುತ್ತದೆ.

ಗುಂಡು ಹಾರಲಿಲ್ಲವಾ? ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಿರಿ. ಕೆಲವೊಮ್ಮೆ ತಡವಾಗಿ ಹಾರುತ್ತದೆ. ಆಮೇಲೆ ಅದೇ ಗುಂಡಿಗೆ ಇನ್ನೊಂದು ಪೆಟ್ಟು. ಈಗ ಹಾರಿದರೆ ಹೆಚ್ಚಾಗಿ ಹ್ಯಾಮರಿನ ಶಕ್ತಿ ಕಡಿಮೆ. ಗುಂಡಿನ ಹಿಂದೆ ಪೆಟ್ಟಿನ ಗುಳಿ ಆಳವಾಗಿಯೇ ಬಿದ್ದು, ಎರಡನೇ ಸಲವೂ ಹಾರದಿದ್ದರೆ ಗುಂಡಿನದೇ ತಪ್ಪು. ಖಾಲಿ ಕೇಸುಗಳನ್ನು (ಗುಂಡು ಹಾರಿದ ಮೇಲೆ ಉಳಿಯುವ ಲೋಹದ ಕೋಶ) ಸಾಲಾಗಿ ಇಟ್ಟು ಗುಳಿ ನೋಡಿ. ಮೂವತ್ತರಲ್ಲೂ ನಡುವೆ, ಒಂದೇ ಆಳಕ್ಕೆ ಬಿದ್ದಿದ್ದರೆ ರಿವಾಲ್ವರ್ ತೆಗೆದುಕೊಳ್ಳಿ. ರಿವಾಲ್ವರಿನ ತಪ್ಪಿಂದ ಒಂದೇ ಒಂದು ಗುಂಡು ನಿಂತರೂ ಮೊದಲು ರಿಪೇರಿ, ಮತ್ತೆ ಮೂವತ್ತು. ಅರ್ಧ ಬೆಲೆಯಲ್ಲಿ ಉಳಿಯುವ ದುಡ್ಡು ಇರುವುದೇ ಇದಕ್ಕೆ.

ಗುಂಡು ನಿಮ್ಮ ಪಕ್ಕದ ಖಡಕಿಯದೇ. 1869ರ ಗುಂಡಿನ ಕಾರ್ಖಾನೆ ಅದು. ಕೇಸಿನ ಹಿಂದೆ ‘ಕೆಎಫ್’ ಅಂತ ಒತ್ತಿರುತ್ತದೆ. ಪರಿಚಯದವರು ರಿವಾಲ್ವರ್ ಜೊತೆ ಹಳೇ ಗುಂಡನ್ನೂ ಕೊಡಲು ಬಂದರೆ ಬೇಡ ಅನ್ನಿ. ಹತ್ತು ವರ್ಷ ಕಪಾಟಿನಲ್ಲಿ ಎಣ್ಣೆ ಹತ್ತಿಸಿಕೊಂಡು ಕೂತ ಗುಂಡು ಹಾರದಿದ್ದರೆ ಆಶ್ಚರ್ಯವೇನು? ಅಂಗಡಿಯಿಂದ, ನಿಮ್ಮ ಲೈಸೆನ್ಸಿನಲ್ಲಿ ಬರೆಸಿ ಹೊಸದು ತನ್ನಿ. ಮಳೆಗಾಲ ಕಳೆದ ಮೇಲೆ ರಿವಾಲ್ವರಿನಲ್ಲಿರುವ ಆರು ಗುಂಡನ್ನು ರೇಂಜಿನಲ್ಲಿ ಮುಗಿಸಿ ಹೊಸ ಆರು ಹಾಕಿ.

ಒಂದು ಸಂಗತಿ ಹೇಳಬೇಕು. ನಾನು ಸೇನೆಯಲ್ಲಿ ಆಯುಧ ನೋಡಿಕೊಳ್ಳುವ ಆರ್ಮರರ್ ಆಗಿದ್ದು ನಿವೃತ್ತನಾದ ಮೇಲೂ ಜನ ರಿಪೇರಿಯ ವಿಚಾರ ಕೇಳಲು ಬರುತ್ತಾರೆ. ಹಾಗೆ ಒಬ್ಬ ಹೋಟೆಲಿನವರು ಬಂದರು. ‘ಅಣ್ಣ, ಇದು ಮುಚ್ಚುತ್ತಲೇ ಇಲ್ಲ, ಅಗ್ಗದ ಮಾಲು ತಗೊಂಡು ಕೆಟ್ಟೆ’ ಅಂದರು. ತೆರೆದು ನೋಡಿದೆ. ಖಾಲಿ ಕೇಸುಗಳನ್ನು ಎತ್ತುವ ನಕ್ಷತ್ರದಾಕಾರದ ತಟ್ಟೆ ಕೂದಲೆಳೆಯಷ್ಟು ಮೇಲೆ ನಿಂತಿತ್ತು. ಅದರ ಕೆಳಗೆ ಒಂದು ಸೋಂಪಿನ ಕಾಳು! ಗಲ್ಲಾದ ಡ್ರಾಯರಿನಲ್ಲಿ ಬಿಲ್ಲಿನ ಜೊತೆ ಕೊಡುವ ಸೋಂಪಿನ ಡಬ್ಬಿ, ಅದರ ಪಕ್ಕದಲ್ಲೇ ರಿವಾಲ್ವರ್. ಹಲ್ಲುಕಡ್ಡಿಯಿಂದ ಕಾಳು ಎಬ್ಬಿಸಿದೆ, ಟಕ್ ಅಂತ ಮುಚ್ಚಿತು. ಸೋಂಪು ಬೇಕಿಲ್ಲ, ಸುಡದೆ ಉಳಿದ ಮದ್ದಿನ ನಾಲ್ಕು ಕಣ ಸಾಕು ಅದೇ ಕೆಲಸ ಮಾಡಲು. ಹೊಡೆದ ಮೇಲೆ ಆ ತಟ್ಟೆಯ ಕೆಳಗೆ ಹಲ್ಲುಜ್ಜುವ ಹಳೇ ಬ್ರಷ್ ಆಡಿಸಿ, ಒಣಗಿದ್ದು. ಅಲ್ಲಿ ಎಣ್ಣೆ ಹಾಕಿದರೆ ಕಸ ಇನ್ನೂ ಅಂಟುತ್ತದೆ.

ಇನ್ನು ಸ್ಕೂಟರ್. ಡಿಕ್ಕಿಯಲ್ಲಿ ಇಡಬೇಡಿ, ಪ್ಯಾಂಟಿಗೆ ಸುಮ್ನೆ ಸಿಕ್ಕಿಸಿಕೊಳ್ಳಲೂ ಬೇಡಿ. ಟ್ರಿಗರ್ ಪೂರ್ತಿ ಮುಚ್ಚುವ ಹೋಲ್ಸ್ಟರ್ ಬೇಕು. ಚರ್ಮದ್ದಾದರೆ ಮಳೆಯಲ್ಲಿ ನೆನೆದ ರಾತ್ರಿ ರಿವಾಲ್ವರನ್ನು ಹೊರಗೆ ತೆಗೆದು ಒರೆಸಿಡಿ. ಒದ್ದೆ ಚರ್ಮದಲ್ಲೇ ಬಿಟ್ಟರೆ ತುಕ್ಕು ಬೇಗ ಹಿಡಿಯುತ್ತದೆ. ಊರಿಗೆ ಹೋಗುವಾಗ ಲೈಸೆನ್ಸ್ ಮಹಾರಾಷ್ಟ್ರಕ್ಕೆ ಮಾತ್ರವಾ, ದೇಶಕ್ಕೆಲ್ಲವಾ ನೋಡಿಕೊಳ್ಳಿ.

ಕೊನೆಗೊಂದು ಮಾತು, ಕೇಳದಿದ್ದರೂ ಹೇಳುತ್ತೇನೆ. ಈಗ ಅರ್ಧಕ್ಕರ್ಧ ಗಿರಾಕಿಗಳು ಯುಪಿಐ ಅಲ್ವಾ? ಉಳಿದ ನಗದನ್ನು ಮಧ್ಯಾಹ್ನವೇ ಬ್ಯಾಂಕಿಗೆ ಕಳಿಸಿದರೆ ರಾತ್ರಿ ನಿಮ್ಮನ್ನು ಅಡ್ಡಗಟ್ಟಿ ಏನು ಸಿಗುತ್ತದೆ?

ಪ್ರಶ್ನೆ: ನನ್ನದು .32 ಪಿಸ್ತೂಲು, ಕಡಿಮೆ ಬೆಲೆಯದು. ಗುಂಡು ತುಂಬುವ ಮ್ಯಾಗಜಿನ್ ಎರಡು ಇವೆ. ಆಗಾಗ ಗುಂಡು ಸಿಕ್ಕಿಕೊಳ್ಳುತ್ತದೆ. ಮಾರಿಬಿಡಲಾ?
— ಓದುಗರು, ಮುಲುಂಡ್, ಮುಂಬಯಿ

ಉತ್ತರ: ಮೊದಲು ಎರಡೂ ಮ್ಯಾಗಜಿನ್ನಿಗೆ ನೇಲ್ ಪಾಲಿಶಿನಿಂದ ಒಂದು ಚುಕ್ಕೆ, ಎರಡು ಚುಕ್ಕೆ ಇಡಿ. ಸಿಕ್ಕಿಕೊಂಡಾಗೆಲ್ಲ ಯಾವುದು ಒಳಗಿತ್ತು ಅಂತ ಬರೆದಿಡಿ. ಹೆಚ್ಚಿನ ಸಲ ತಪ್ಪು ಒಂದೇ ಮ್ಯಾಗಜಿನ್ನಿನದು. ಅದರ ಮೇಲಿನ ತುಟಿ (ಗುಂಡು ಹಿಡಿದಿಡುವ ಅಂಚು) ಬಗ್ಗಿರುತ್ತದೆ ಅಥವಾ ಸ್ಪ್ರಿಂಗ್ ಸೋತಿರುತ್ತದೆ. ರಾತ್ರಿ ಖಾಲಿ ಮಾಡಿ ಬೆಳಿಗ್ಗೆ ತುಂಬುವ ಅಭ್ಯಾಸವಿದ್ದರೆ ಮೇಲಿನ ಗುಂಡನ್ನೂ ನೋಡಿ. ದಿನಾ ಅದೇ ಗುಂಡು ಚೇಂಬರಿಗೆ ಬಡಿದು ಬಡಿದು ತುದಿಯ ಸೀಸ ಕೇಸಿನೊಳಗೆ ಕುಸಿಯುತ್ತದೆ. ಹೊಸ ಗುಂಡಿನ ಪಕ್ಕ ನಿಲ್ಲಿಸಿ, ಕುಳ್ಳಗಾಗಿದ್ದರೆ ಅದನ್ನು ಹೊಡೆಯಬೇಡಿ, ಒಳಗಿನ ಒತ್ತಡ ಏರುತ್ತದೆ. ಅಂಗಡಿಗೆ ಒಪ್ಪಿಸಿ.

ಮ್ಯಾಗಜಿನ್ನಿನದೇ ತಪ್ಪಾದರೆ ಹೊಸದೊಂದು ತನ್ನಿ, ಪಿಸ್ತೂಲು ಇರಲಿ. ಕೆಟ್ಟ ಮ್ಯಾಗಜಿನ್ ಎಸೆಯಬೇಡಿ. ಅದಕ್ಕೆ ಕೆಂಪು ಟೇಪ್ ಸುತ್ತಿ ರೇಂಜಿಗೆ ಒಯ್ಯಿರಿ. ಸಿಕ್ಕಿಕೊಂಡ ಗುಂಡು ಬಿಡಿಸುವ ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯದು ಸಿಗಲ್ಲ.