ಸರ್ಕಾರ ‘ಸುಮ್ಮನಿರಿ’ ಎಂದರೂ ವಿದೇಶದಲ್ಲಿ ಒತ್ತೆಯಾಗಿರುವವರ ಮನೆಯವರು ಬೀದಿಗಿಳಿಯುವುದೇಕೆ?

ಸದ್ದು ಮಾಡದಿದ್ದರೆ ತಮ್ಮ ಸರ್ಕಾರವೇ ಕಡತವನ್ನು ಮೂಲೆಗೆ ಸರಿಸಿಬಿಡುತ್ತದೆ ಎಂಬ ಭಯದಿಂದ. ಎಷ್ಟೋ ಸಲ ಹೋರಾಟದ ನಿಜವಾದ ಗುರಿ ಸೆರೆಯಲ್ಲಿಟ್ಟ ದೇಶವಲ್ಲ, ತಮ್ಮದೇ ಮಂತ್ರಿಗಳು.

ನಾಜನೀನ್ ಜಘಾರಿ-ರಾಟ್‌ಕ್ಲಿಫ್ ಪ್ರಕರಣ ನೋಡಿ. ಬ್ರಿಟನ್, ಇರಾನ್ ಎರಡರ ಪೌರತ್ವವೂ ಇದ್ದ ಈಕೆಯನ್ನು 2016ರ ಏಪ್ರಿಲ್‌ನಲ್ಲಿ ಟೆಹ್ರಾನ್ ವಿಮಾನ ನಿಲ್ದಾಣದಲ್ಲಿ ಹಿಡಿದರು. ಜೊತೆಗೆ ಪುಟ್ಟ ಮಗಳಿದ್ದಳು. ಹಿನ್ನೆಲೆಯಲ್ಲಿ ಹಳೇ ಸಾಲವೊಂದಿತ್ತು. ದೊರೆ ಶಾ ಆಳ್ವಿಕೆಯಲ್ಲಿ ಇರಾನ್ ಯುದ್ಧ ಟ್ಯಾಂಕ್‌ಗಳಿಗೆಂದು ಬ್ರಿಟನ್ನಿಗೆ ಹಣ ಕಟ್ಟಿತ್ತು. ಶಾ ಆಳ್ವಿಕೆಯನ್ನು ಉರುಳಿಸಿದ 1979ರ ಕ್ರಾಂತಿಯಾದ ಮೇಲೆ ಹೆಚ್ಚಿನ ಟ್ಯಾಂಕ್‌ಗಳು ಬರಲೇ ಇಲ್ಲ, ಹಣವೂ ವಾಪಸಾಗಲಿಲ್ಲ. ಬಾಕಿ ಸುಮಾರು 40 ಕೋಟಿ ಪೌಂಡ್.

ಗಂಡ ರಿಚರ್ಡ್ 2019ರಲ್ಲಿ ಲಂಡನ್ನಿನ ಇರಾನ್ ರಾಯಭಾರ ಕಚೇರಿ ಎದುರು 15 ದಿನ ಉಪವಾಸ ಕೂತರು. 2021ರಲ್ಲಿ ಮತ್ತೆ 21 ದಿನ ಕೂತದ್ದು ಬ್ರಿಟನ್ ವಿದೇಶಾಂಗ ಕಚೇರಿಯ ಬಾಗಿಲಲ್ಲಿ. ಜಾಗ ಬದಲಾದದ್ದರಲ್ಲೇ ನಿಮ್ಮ ಪ್ರಶ್ನೆಗೆ ಉತ್ತರವಿದೆ. 2022ರ ಮಾರ್ಚ್‌ನಲ್ಲಿ ಸಾಲ ತೀರಿತು, ಆಕೆ ಮನೆಗೆ ಬಂದರು. ಎರಡೂ ಬೇರೆ ಬೇರೆ ವಿಷಯ ಎಂದಿತು ಬ್ರಿಟನ್, ನಂಬುವುದು ಕಷ್ಟ.

ಅಪಾಯವಿಲ್ಲವೆಂದಲ್ಲ. ಹೆಸರು ಹೆಚ್ಚು ಕೇಳಿಬಂದಷ್ಟೂ ಹಿಡಿದಿಟ್ಟವರು ಬೆಲೆ ಏರಿಸಬಹುದು. ಅಧಿಕಾರಿಗಳು ‘ಸುಮ್ಮನಿರಿ’ ಎನ್ನುವುದು ಇದೇ ಕಾರಣಕ್ಕೆ.