ಕಣ್ಣು ತಪ್ಪಿಸಿ ಡ್ಯೂಟಿಗೆ ಹೋಗುವ ತಾಯಂದಿರು

ಮಗುವಿಗೆ ಮೂರು-ನಾಲ್ಕು ವರ್ಷ, ತಾಯಿ ಮತ್ತೆ ಕೆಲಸಕ್ಕೆ ಸೇರಿ ಕೆಲವೇ ತಿಂಗಳು, ನೋಡಿಕೊಳ್ಳಲು ಮನೆಯಲ್ಲಿ ಅಜ್ಜಿ. ಇಂಥ ಮನೆಗಳಿಂದ ಆಪ್ತಸಮಾಲೋಚನೆಗೆ ನನ್ನ ಬಳಿ ಬರುವವರ ಅಹವಾಲು ಹೆಚ್ಚುಕಡಿಮೆ ಒಂದೇ: ‘ಕೂಸು ನನ್ನ ಬಿಡವಲ್ದು ರೀ.’ ಅಂಥದೊಂದು ಪ್ರಕರಣ ಇದು. ತಾಯಿಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಬರೆಯುತ್ತಿದ್ದೇನೆ.

ಧಾರವಾಡದಲ್ಲಿ ಮನೆ, ಹುಬ್ಬಳ್ಳಿಯ ಸಣ್ಣ ಖಾಸಗಿ ಕಚೇರಿಯಲ್ಲಿ ಲೆಕ್ಕಪತ್ರದ ಕೆಲಸ. ಬೆಳಿಗ್ಗೆ ಚಿಗರಿ ಬಸ್ಸು ಹತ್ತಿದರೆ ಮರಳುವುದು ದೀಪ ಹಚ್ಚುವ ಹೊತ್ತಿಗೆ. ಮೂರೂವರೆ ವರ್ಷದ ಮಗಳು ತಾಯಿ ಬಚ್ಚಲಿಗೆ ಹೋದರೂ ಬೆನ್ನು ಹತ್ತುತ್ತಿದ್ದಳು. ರಾತ್ರಿ ನಡುವೆ ಎದ್ದು, ತಾಯಿ ಪಕ್ಕದಲ್ಲಿದ್ದಾಳೋ ಇಲ್ಲವೋ ಎಂದು ಕೈಯಾಡಿಸಿ ನೋಡುತ್ತಿದ್ದಳು. ಒಂದು ಸಂಜೆ ತಾಯಿ ಒಳಗೆ ಕಾಲಿಡುತ್ತಿದ್ದಂತೆ ‘ಮಮ್ಮಿ, ನಿನ್ನ ಆಫೀಸ್ ಸುಟ್ಟು ಹೋಗ್ಲಿ’ ಎಂದುಬಿಟ್ಟಳು. ಆ ಮಾತು ಕೇಳಿದ ರಾತ್ರಿಯೇ ತಾಯಿ ಮೊಬೈಲಿನಲ್ಲಿ ರಾಜೀನಾಮೆ ಪತ್ರ ಟೈಪ್ ಮಾಡಿಟ್ಟು ನನ್ನ ಬಳಿ ಬಂದರು. (ಕರೆಂಟ್ ಹೋದರೂ, ಹಾಲು ಉಕ್ಕಿದರೂ ‘ಸುಡ್ಲಿ ಇದರ’ ಎನ್ನುವವರು ಆ ಮನೆಯ ಆಯಿ, ಅಂದರೆ ಕೂಸಿನ ಅಜ್ಜಿ, ಎಂಬುದು ಆಮೇಲೆ ತಿಳಿಯಿತು. ಕೂಸಿನ ಶಾಪ ಅಲ್ಲಿಂದ ಬಂದದ್ದು.)

ಎರಡನೇ ಭೇಟಿಗೆ ಮಗಳನ್ನೂ ಕರೆತರಲು ಹೇಳಿದ್ದೆ. ನನ್ನ ಕೋಣೆಯ ಮೂಲೆಯಲ್ಲಿ ಒಂದು ಬುಟ್ಟಿ ತುಂಬ ಆಟಿಗೆಗಳಿವೆ. ಹುಡುಗಿ ಅದರಿಂದ ಬಟ್ಟೆಯ ಗೊಂಬೆ ತೆಗೆದು ಗೋಡೆಗೆ ಮುಖ ಮಾಡಿ ಕೂಡಿಸಿದಳು. ತಾಯಿಯ ಬ್ಯಾಗನ್ನು ಹೆಗಲಿಗೇರಿಸಿದಳು. ‘ಅಲ್ನೋಡ ಪುಟ್ಟಿ, ಗುಬ್ಬಿ!’ ಎಂದು ಗೊಂಬೆಗೆ ಹೇಳಿ, ಬಾಗಿಲ ಬಳಿ ಬಿಟ್ಟಿದ್ದ ತನ್ನ ಚಪ್ಪಲಿಗಳನ್ನು ಕೈಯಲ್ಲಿ ಎತ್ತಿಕೊಂಡು, ತುದಿಗಾಲಲ್ಲಿ ನಡೆದು ಬಾಗಿಲ ಮರೆಗೆ ಹೋದಳು. ಅಲ್ಲಿ ನಿಂತು ಒಂದೊಂದೇ ಚಪ್ಪಲಿ ಹಾಕಿಕೊಂಡಳು.

ತಾಯಿಯ ಮುಖ ಬಾಡಿತು. ಚಪ್ಪಲಿ ಸದ್ದಾಗಬಾರದೆಂದು ಅವರು ದಿನಾ ಅದನ್ನು ಕೈಯಲ್ಲಿ ಹಿಡಿದೇ ಹೊರಡುತ್ತಿದ್ದರಂತೆ, ಮೆಟ್ಟಿಲಿಳಿದ ಮೇಲೆ ಹಾಕಿಕೊಳ್ಳುತ್ತಿದ್ದರಂತೆ.

‘ಪುಟ್ಟಿಗೆ ಟಾಟಾ ಹೇಳಲಿಲ್ಲಲ್ಲ?’ ಎಂದು ಕೇಳಿದೆ. ‘ಶ್! ಹೇಳಿದ್ರ ಅಳ್ತಾಳ. ಗೊತ್ತಾಗದಂಗ ಹೋಗ್ಬೇಕು.’

‘ಪಪ್ಪ ಹೆಂಗ ಹೋಗ್ತಾನ?’

ಹುಡುಗಿಗೆ ಉತ್ಸಾಹ ಬಂತು. ಧಡಧಡ ಹೆಜ್ಜೆ ಹಾಕಿ, ಬಾಗಿಲು ಸದ್ದಾಗುವಂತೆ ತೆರೆದು, ‘ಬರ್ತೀನಿ ಪುಟ್ಟಿ, ಟಾಟಾ!’ ಎಂದು ಕೂಗಿ, ಬಾಯಲ್ಲೇ ಗಾಡಿ ಸ್ಟಾರ್ಟ್ ಮಾಡಿದಳು. ಮತ್ತೆ ಓಡಿಬಂದು ಗೊಂಬೆಯನ್ನು ಈ ಕಡೆ ತಿರುಗಿಸಿ ಅದರ ಕೈ ಹಿಡಿದು ಟಾಟಾ ಮಾಡಿಸಿದಳು. ಗೊಂಬೆ ಅಳಲಿಲ್ಲ.

ತಾಯಿ ಬಹಳ ಹೊತ್ತು ಸುಮ್ಮನಿದ್ದು ಮೆಲ್ಲಗೆ ಹೇಳಿದರು: ‘ಅವರು ಹೋಗೂದು ತಪ್ಪಲ್ಲಲ್ರೀ.’

ನಾನು ಕೊಟ್ಟ ಸಲಹೆಯೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ. ತಂದೆ ಹೋಗುವುದನ್ನು ಆ ಮನೆಯಲ್ಲಿ ಯಾರೂ ಮುಚ್ಚಿಡುವುದಿಲ್ಲ, ಏಕೆಂದರೆ ಅದು ತಪ್ಪೆಂದು ಯಾರಿಗೂ ಅನ್ನಿಸಿಲ್ಲ. ತಾಯಿ ಮಾತ್ರ ಕಳ್ಳರ ಹಾಗೆ ಹೊರಡುತ್ತಾಳೆ. ಕೂಸು ಅಳುತ್ತದೆಂದು ಹಾಗೆ ಹೋಗುತ್ತೇನೆ ಅನ್ನುತ್ತಾಳೆ, ಆದರೆ ಕದ್ದು ಹೋದ ಮಾತ್ರಕ್ಕೆ ಅಳು ನಿಲ್ಲುವುದಿಲ್ಲ. ಅದು ತಾಯಿಯ ಕಿವಿಗೆ ಬೀಳುವುದಿಲ್ಲ, ಅಷ್ಟೆ. ಯಾವ ಗಳಿಗೆಯಲ್ಲಾದರೂ ಹೇಳದೆ ಮಾಯವಾಗಬಲ್ಲ ತಾಯಿಯನ್ನು ಕೂಸು ಎಲ್ಲ ಗಳಿಗೆಯೂ ಕಾಯಬೇಕಾಗುತ್ತದೆ. ಬಚ್ಚಲ ಬಾಗಿಲಲ್ಲಿ, ನಡುರಾತ್ರಿಯಲ್ಲಿ ಅವಳು ಮಾಡುತ್ತಿದ್ದುದು ಆ ಕಾವಲನ್ನೇ.

ಆದ್ದರಿಂದ, ಹೇಳಿ ಹೋಗಿ ಎಂದೆ. ಬಾಗಿಲಲ್ಲಿ ನಿಂತು, ಮುಖ ನೋಡಿ, ಒಂದೇ ಮಾತು. ಹೊರಟ ಮೇಲೆ ತಿರುಗಿ ಬರುವುದು ಬೇಡ. ‘ಏಳಕ್ಕ ಬರ್ತೀನಿ’ ಎಂದರೆ ಗಡಿಯಾರ ನೋಡಲು ಬಾರದ ಕೂಸಿಗೆ ಏನೂ ಹೇಳಿದಂತಲ್ಲ. ‘ನೀ ಉಂಡು, ಮಲಗಿ ಎದ್ದು, ಹಾಲು ಕುಡದು, ಆಯಿ ದೇವರ ಮುಂದ ದೀಪ ಹಚ್ಚಿದ ಮ್ಯಾಲೆ ಬರ್ತೀನಿ’ ಎಂದರೆ ದಿನವಿಡೀ ಅವಳಿಗೆ ಒಂದೊಂದು ಗುರುತು ಸಿಗುತ್ತ ಹೋಗುತ್ತದೆ. ತಡವಾಗುವ ದಿನ ದೀಪ ಹಚ್ಚುವ ಮೊದಲೇ ಫೋನ್ ಬರಬೇಕು. ‘ಆಫೀಸ್ ಸುಟ್ಟು ಹೋಗ್ಲಿ’ ಎಂದರೆ ‘ನಿನಗ ಗೊಂಬಿ ತರಾಕ ರೊಕ್ಕ ಬೇಕಲ್ಲ’ ಎಂಬ ಸಮಜಾಯಿಷಿ ಬೇಡ. ತಾಯಿ ದೂರವಾದದ್ದು ತನ್ನ ಗೊಂಬೆಯ ಸಲುವಾಗಿ ಎಂದು ಆ ಕೂಸು ತಿಳಿದುಕೊಂಡೀತು. ‘ನಾ ಹೋಗೂದು ನಿನಗ ಸಿಟ್ಟು ಬಂದದ, ಹೌದಿಲ್ಲ?’ ಎಂದರೆ ಸಾಕು.

ಆಯಿ ಒಪ್ಪಲಿಲ್ಲ. ‘ಅಲ್ರೀ ಮೇಡಂ, ಹೊಂಡೂ ಹೊತ್ನ್ಯಾಗ ಕೂಸಿನ್ನ ಅಳಸಿ ಹೋಗೂದು ಯಾವ ಶಾಣ್ಯಾತನ?’ ಎಂದರು. ‘ಈಗ ಅಳೂದಿಲ್ಲೇನ್ರೀ?’ ಎಂದೆ. ‘ಅಳ್ತಾಳ, ನಾ ಸಂಬಾಳಿಸ್ತೀನಿ’ ಎಂದರು. ಸೊಸೆ ಅದನ್ನು ಕೇಳಿದ್ದು ಅದೇ ಮೊದಲು.

ರಾಜೀನಾಮೆಯನ್ನು ಎರಡು ತಿಂಗಳು ಮುಂದೂಡಿ ಎಂದದ್ದಕ್ಕೆ ನನ್ನ ಮೇಲೆ ಆಕ್ಷೇಪವಿದೆ. ತಾಯಂದಿರನ್ನು ದುಡಿಯಲು ಅಟ್ಟುತ್ತೀರಿ ಎಂದವರಿದ್ದಾರೆ. ಕೆಲಸ ಬಿಡಿ ಎಂದು ನಾನೇ ಹೇಳಿದ ಪ್ರಕರಣಗಳೂ ಇವೆ. ನಾಚಿಕೆಯಿಂದ, ರಾತ್ರೋರಾತ್ರಿ ಬಿಡಬೇಡಿ ಎನ್ನುವುದಷ್ಟೇ ನನ್ನ ಮಾತು. ಈಕೆಯ ಪಕ್ಕದ ಮನೆಯ ಶಿಕ್ಷಕಿ ಮಗುವಿನ ಪಾಲನೆಗೆ ರಜೆ ಹಾಕಿದ್ದರು, ಆ ಹೋಲಿಕೆಯೂ ಚುಚ್ಚುತ್ತಿತ್ತು. ರಾಜ್ಯ ಸರ್ಕಾರದ ಮಹಿಳಾ ನೌಕರರಿಗೆ 2021ರಿಂದ 180 ದಿನಗಳ ಶಿಶುಪಾಲನಾ ರಜೆ ಇದೆ; ಖಾಸಗಿ ಕಚೇರಿಯವರಿಗೆ ಅದಿಲ್ಲ. ಹೆರಿಗೆ ಸೌಲಭ್ಯ ಕಾಯ್ದೆಗೆ ಆದ 2017ರ ತಿದ್ದುಪಡಿ ಹೆರಿಗೆ ರಜೆಯನ್ನು 26 ವಾರಕ್ಕೆ ಏರಿಸಿತು, 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರದ ಸೌಲಭ್ಯ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿ ಬರಬಹುದು ಎಂದಿತು. ಈಕೆಯ ಕಚೇರಿಯಲ್ಲಿ ಅಷ್ಟು ಜನರೇ ಇಲ್ಲ. ಮಗುವಿಗೆ ಆರು ತಿಂಗಳಾಗುವತನಕ ಕಾನೂನು ತಾಯಿಯ ಜೊತೆಗಿರುತ್ತದೆ. ಆಮೇಲಿನದನ್ನು ಇಂಥ ಕಡೆ ಆಯಿಗೆ ಬಿಟ್ಟಿದೆ.

ಮೊದಲ ವಾರ ಕಷ್ಟವೇ ಆಯಿತು. ಗೇಟಿನ ತನಕ ಅಳು. ಒಂದು ದಿನ ತಾಯಿ ತಡೆಯಲಾರದೆ ನವನಗರದಲ್ಲಿ ಬಸ್ಸಿಳಿದು ನನಗೆ ಫೋನ್ ಮಾಡಿದರು, ಮನೆಗೆ ವಾಪಸ್ ಹೋಗುತ್ತೇನೆ ಎಂದು. ಮೊದಲು ಆಯಿಗೆ ಮಾಡಿ ಎಂದೆ. ‘ಅಕಿನಾ? ಆಗಲೇ ಕುಂತು ಅವಲಕ್ಕಿ ತಿನ್ನಾಕತ್ತಾಳ, ನೀ ಹೋಗವಾ’ ಎಂದರಂತೆ ಆಯಿ. ಬಚ್ಚಲ ಕಾವಲು ತಿಂಗಳೊಳಗೆ ನಿಂತಿತು. ಸೋಮವಾರದ ಅಳು ಇನ್ನೂ ಇದೆ. ರಾಜೀನಾಮೆ ಪತ್ರವೂ ಮೊಬೈಲಿನಲ್ಲಿ ಹಾಗೇ ಇದೆಯಂತೆ. ಅಳಿಸಿ ಎಂದು ನಾನು ಹೇಳಿಲ್ಲ.

ಎಲ್ಲ ಮಕ್ಕಳ ಅಳುವೂ ಇಷ್ಟಕ್ಕೆ ಇಳಿಯುವುದಿಲ್ಲ. ನಾಲ್ಕು ವಾರ ಕಳೆದರೂ ಮಗು ಹೊರಡುವ ಹೊತ್ತಿಗೆ ವಾಂತಿ ಮಾಡಿಕೊಳ್ಳುತ್ತಿದ್ದರೆ, ಊಟ ಬಿಟ್ಟಿದ್ದರೆ, ಮಾತು ಕಡಿಮೆ ಮಾಡಿದ್ದರೆ ಮೊದಲು ಮಕ್ಕಳ ಡಾಕ್ಟರಿಗೆ ತೋರಿಸಿ. ಧಾರವಾಡದಲ್ಲೇ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಅಳುವುದು ಮಗುವಲ್ಲ, ದಿನಾ ಬಸ್ಸಿನಲ್ಲಿ ಕುಳಿತ ತಾಯಿ ಎಂದಾದರೆ, ಮಾನಸಿಕ ಆರೋಗ್ಯದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.