ಭೇದಿ ಆದಾಗ ಎಷ್ಟು ನೀರು ಕುಡಿದರೂ ಸುಸ್ತು ಯಾಕೆ ಇಳಿಯುವುದಿಲ್ಲ?

ನೀವು ಎರಡು ವಿಷಯ ಕೇಳಿದ್ದೀರಿ. ಕುಡಿದ ನೀರು ಹೊಟ್ಟೆಯಿಂದ ಮೈಗೆ ಹೇಗೆ ಸೇರುತ್ತದೆ, ಮತ್ತು ಭೇದಿ ಶುರುವಾದಾಗಿನಿಂದ ನೀರು, ಎಳನೀರು ಕುಡಿಯುತ್ತಲೇ ಇದ್ದರೂ ಸುಸ್ತು ಯಾಕೆ ಇಳಿದಿಲ್ಲ ಅಂತ. ಎರಡಕ್ಕೂ ಉತ್ತರ ಉಪ್ಪಿನಲ್ಲೇ ಇದೆ. ನಾನು ಅರಸೀಕೆರೆಯಲ್ಲಿ ಮೆಡಿಕಲ್ ಶಾಪ್ ನಡೆಸುತ್ತೇನೆ. ಬೇಸಿಗೆಯಲ್ಲಿ, ಜಾತ್ರೆ ಮುಗಿದ ಮೇಲೆ, ಇದನ್ನೇ ಕೇಳಿಕೊಂಡು ಬರುವವರು ಜಾಸ್ತಿ. ಹಾಗಾಗಿ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಜಠರ ನೀರನ್ನು ಹೀರುವುದು ತೀರಾ ಕಡಿಮೆ. ಕೆಲಸವೆಲ್ಲ ಸಣ್ಣ ಕರುಳಿನದು. ದಿನಕ್ಕೆ ನಾವು ಕುಡಿಯುವುದು, ಊಟದಲ್ಲಿ ಬರುವುದು ಸೇರಿ ಸುಮಾರು 2 ಲೀಟರ್. ಎಂಜಲು, ಜಠರದ ರಸ, ಪಿತ್ತರಸ ಅಂತ ಮೈಯೇ ಇನ್ನೂ 7 ಲೀಟರಿನಷ್ಟು ಒಳಗೆ ಸುರಿಯುತ್ತದೆ. ಇದರಲ್ಲಿ ಬಹುಪಾಲನ್ನು ಸಣ್ಣ ಕರುಳು ವಾಪಸ್ ಎಳೆದುಕೊಳ್ಳುತ್ತದೆ. ಉಳಿದ ಒಂದೂವರೆ ಲೀಟರ್ ದೊಡ್ಡ ಕರುಳಿನ ಪಾಲು. ಕೊನೆಗೆ ಮಲದಲ್ಲಿ ಹೋಗುವುದು 100–200 ಮಿಲಿ ಅಷ್ಟೇ. ಭೇದಿಯಲ್ಲಿ ನೀವು ಕುಡಿದದ್ದಷ್ಟೇ ಅಲ್ಲ, ಮೈ ಸುರಿದದ್ದೂ ಉಪ್ಪಿನ ಸಮೇತ ಹೊರಗೆ ಹೋಗುತ್ತದೆ. ಅದಕ್ಕೇ ಆ ಸುಸ್ತು.

ಕರುಳಿಗೆ ನೀರನ್ನು ನೇರವಾಗಿ ಎಳೆಯಲು ಬರುವುದಿಲ್ಲ. ಉಪ್ಪು ಹೋದ ಕಡೆ ನೀರು ಹೋಗುತ್ತದೆ. ಕರುಳಿನ ಗೋಡೆಯ ಕೋಶಗಳು ಉಪ್ಪಿನ ಸೋಡಿಯಂ ಅನ್ನು ಒಂದು ಕಡೆಯಿಂದ ತೆಗೆದುಕೊಂಡು, ಇನ್ನೊಂದು ಕಡೆಯಿಂದ ರಕ್ತನಾಳದತ್ತ ತಳ್ಳುತ್ತಲೇ ಇರುತ್ತವೆ. ನೀರು ಅದರ ಬೆನ್ನು ಹತ್ತುತ್ತದೆ. ಸೋಡಿಯಂ ಒಳಗೆ ಬರಲು ಇರುವ ಬಾಗಿಲುಗಳಲ್ಲಿ ಒಂದು ತೆರೆಯಬೇಕಾದರೆ ಜೊತೆಗೆ ಗ್ಲೂಕೋಸ್ ಇರಲೇಬೇಕು. ಕಾಲರಾದಲ್ಲಿ ಬೇರೆ ದಾರಿ ಕೆಟ್ಟರೂ ಈ ಬಾಗಿಲು ಕೆಲಸ ಮಾಡುತ್ತದೆ.

ಉಪ್ಪು, ಸಕ್ಕರೆ ಜೋಡಿಯಾಗಿ ಒಳಗೆ ಹೋಗುತ್ತವೆ ಅಂತ 1960ರಲ್ಲಿ ಹೇಳಿದವರು ಅಮೆರಿಕದ ವಿಜ್ಞಾನಿ ರಾಬರ್ಟ್ ಕ್ರೇನ್. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ಡ್ರಿಪ್ ಬಾಟಲಿಗಳು ಸಾಲದೇ ಹೋದಾಗ, ಡಾ. ದಿಲೀಪ್ ಮಹಲನಾಬಿಸ್ ಗ್ಲೂಕೋಸ್, ಅಡುಗೆ ಉಪ್ಪು, ಅಡುಗೆ ಸೋಡಾ ಬೆರೆಸಿದ ನೀರನ್ನೇ ಜನರಿಗೆ ಕುಡಿಸಿದರು. ಸಾವು ಶೇ 4ಕ್ಕಿಂತ ಕೆಳಗಿಳಿಯಿತು. ಅವರ ಹೆಸರು ನಮ್ಮ ಶಾಲೆ ಪಾಠಗಳಲ್ಲಿ ಬರಬೇಕು ಅಂತ ನನಗೆ ತುಂಬಾ ಆಸೆ.

ಇನ್ನು ನಿಮ್ಮ ಎಳನೀರು. ನಮ್ಮದು ತೆಂಗಿನ ಸೀಮೆ, ಎಳನೀರಿನ ಮೇಲೆ ನನಗೂ ಪ್ರೀತಿ. ಆದರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಡಿಮೆ. ಭೇದಿಯಲ್ಲಿ ಕಳೆದುಕೊಂಡ ಉಪ್ಪನ್ನು ಅದೊಂದೇ ತುಂಬಿಕೊಡುವುದಿಲ್ಲ. ಬಾಟಲಿ ಕೂಲ್‌ಡ್ರಿಂಕ್ ಅಂತೂ ಬೇಡವೇ ಬೇಡ. ಲೀಟರಿಗೆ 100 ಗ್ರಾಂ ಆಸುಪಾಸು ಸಕ್ಕರೆ ಇರುತ್ತದೆ. ಅಷ್ಟು ಸಕ್ಕರೆ ಕರುಳಿಗೆ ಬಿದ್ದರೆ ಮೈಯ ನೀರೇ ಕರುಳಿಗೆ ಇಳಿದು ಭೇದಿ ಹೆಚ್ಚುತ್ತದೆ. ಭೇದಿಗೆ ನೀರಲ್ಲಿ ಕಲಸಿ ಕುಡಿಯುವ ಉಪ್ಪು-ಗ್ಲೂಕೋಸ್ ಪುಡಿಯ ಪ್ಯಾಕೆಟ್ಟೇ ಓಆರ್‌ಎಸ್. ವಿಶ್ವ ಆರೋಗ್ಯ ಸಂಸ್ಥೆಯ ಓಆರ್‌ಎಸ್‌ನಲ್ಲಿ ಲೀಟರಿಗೆ ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6 ಗ್ರಾಂ ಮಾತ್ರ.

ಈ ಅಳತೆ ತಪ್ಪಬಾರದು. ಮೊನ್ನೆ ಒಬ್ಬರು ಮಗುವನ್ನು ಸೊಂಟದಲ್ಲಿ ಇಟ್ಟುಕೊಂಡು ಬಂದು, ಪ್ಯಾಕೆಟ್ಟಿನ ಮೂಲೆಯನ್ನು ಹಲ್ಲಲ್ಲಿ ಹರಿದು ಪೂರ್ತಿ ಪುಡಿಯನ್ನು ಅರ್ಧ ಲೀಟರ್ ಬಾಟಲಿಗೆ ಸುರಿಯಲು ಹೊರಟಿದ್ದರು. ‘ತಡಿಯಮ್ಮ, ಅದು ಒಂದು ಲೀಟರಿಗೆ’ ಅಂತ ಕೌಂಟರ್ ದಾಟಿ ಹೋಗಿ ನಿಲ್ಲಿಸಿದೆ. ಗಟ್ಟಿಯಾಗಿ ಕಲಸಿದರೆ ಮಗುವಿನ ಮೈಯಲ್ಲಿ ಉಪ್ಪು ಮಿತಿಮೀರುತ್ತದೆ. 200 ಮಿಲಿಗೆ ಬೆರೆಸುವ ಸಣ್ಣ ಪ್ಯಾಕೆಟ್ಟೂ ಸಿಗುತ್ತದೆ. ಹಾಗಾಗಿ ಎಷ್ಟು ನೀರಿಗೆ ಅನ್ನುವುದನ್ನು ಪ್ಯಾಕೆಟ್ ಮೇಲೆ ಓದಿಯೇ ಕಲಸಿ. ಪ್ಯಾಕೆಟ್ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ಮಟ್ಟಸವಾಗಿರಲಿ, ಗೋಪುರ ಬೇಡ. ಉಪ್ಪು ಹಾಕಿದ ಅಕ್ಕಿ ಗಂಜಿಯೂ ಒಳ್ಳೆಯದೇ. ಅದರ ಪಿಷ್ಟ ಕರುಳಲ್ಲಿ ಗ್ಲೂಕೋಸ್ ಆಗುತ್ತದೆ.

ವಾಂತಿ ಇದ್ದರೆ ಹತ್ತು ನಿಮಿಷ ಬಿಟ್ಟು ಗುಟುಕು ಗುಟುಕಾಗಿ ಕುಡಿಯಿರಿ. ಕಲಸಿದ್ದನ್ನು 24 ಗಂಟೆ ಆದಮೇಲೆ ಚೆಲ್ಲಿಬಿಡಿ. ಮಲದಲ್ಲಿ ರಕ್ತ ಕಂಡರೆ, ಮೂತ್ರ ನಿಂತರೆ, ಕಣ್ಣು ಗುಳಿಬಿದ್ದರೆ, ಕುಡಿದದ್ದು ಏನೂ ನಿಲ್ಲದಿದ್ದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ. ನಿಮಗೆ ಕಿಡ್ನಿ ಅಥವಾ ಹೃದಯದ ತೊಂದರೆ ಇದ್ದರೆ ಓಆರ್‌ಎಸ್ ಎಷ್ಟು ಕುಡಿಯಬೇಕು ಅಂತ ಡಾಕ್ಟರನ್ನೇ ಕೇಳಿ.